ಬಳೆಯ ಮೇಲಿನ ಇರುವೆ

ಫಳಫಳ ಮೇಸ್ತ್ರಿಯ ಕೈ ಸುಮ್ಮನಿರುವಂಥದ್ದಲ್ಲ. ಊಟಕ್ಕೆ ಕೂತರೆ ಚಮಚ ಒರೆಸುತ್ತಾನೆ, ಬಸ್ಸು ಹತ್ತಿದರೆ ಹಿಡಿದುಕೊಂಡ ಕಂಬಿ ಒರೆಸುತ್ತಾನೆ, ಯಾರದಾದರೂ ಮನೆಗೆ ಹೋದರೆ ಬಾಗಿಲ ಹಿಡಿಯನ್ನು ಅಂಗಿಯ ತುದಿಯಿಂದ ಉಜ್ಜಿಯೇ ಒಳಗೆ ಕಾಲಿಡುತ್ತಾನೆ. ಆಭರಣದಂಗಡಿಯ ಹಿಂದಿನ ಕೋಣೆಯಲ್ಲಿ ಪಾಲಿಶ್ ಚಕ್ರದ ಮುಂದೆ ಕೂತು ಕೂತು ತಲೆ ನರೆತವನು. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು ಅನ್ನಿ, ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಅಂಗಡಿಗೂ ಬೀದಿಗೂ ಅವನು ಫಳಫಳ ಮೇಸ್ತ್ರಿಯೇ.

ಒಡವೆ ಹೇಗೆ ಕಾಪಾಡಬೇಕು ಅಂತ ಅವನನ್ನು ಕೇಳಬಾರದು. ಕೇಳಿದಿರೋ, ನಿಮ್ಮ ಆ ಹೊತ್ತಿನ ಕೆಲಸ ಕೆಟ್ಟಿತು. "ಮುತ್ತಿನ ಸರ ಎಲ್ಲ ಅಲಂಕಾರ ಆದ್ಮೇಲೆ ಹಾಕ್ಕೊಳ್ಳಿ, ಮನೆಗೆ ಬಂದ ತಕ್ಷಣ ಎಲ್ಲಕ್ಕಿಂತ ಮೊದಲು ತೆಗೀರಿ. ಸೆಂಟು ತಾಗಿಸ್ಬೇಡಿ. ಸರಗಳನ್ನ ಒಂದೇ ಡಬ್ಬೀಲಿ ತುರುಕ್ಬೇಡಿ, ಜಗಳ ಆಡಿ ಗಂಟು ಹಾಕ್ಕೊಳ್ತಾವೆ. ಕೊಳೆ ಆಯ್ತಾ? ಉಗುರು ಬೆಚ್ಚಗಿನ ನೀರು, ಒಂದು ತೊಟ್ಟು ಸೋಪು, ಮೆತ್ತಗಿನ ಬ್ರಷ್ಷು, ಅಷ್ಟೇ ಸಾಕು. ಹೊಳಪು ಹೋಯ್ತು ಅಂತ ಮಾತು ಮಾತಿಗೂ ಪಾಲಿಶ್‌ಗೆ ತರಬೇಡಿ. ಈ ಚಕ್ರಕ್ಕೂ ಒಂದು ಹೊಟ್ಟೆ ಇದೆ, ತಿಳ್ಕೊಳ್ಳಿ."

ಊರಿಗೆಲ್ಲ ಹೀಗೆ ಹೇಳುತ್ತಿದ್ದವನು ವಾರಕ್ಕೊಮ್ಮೆ ತನ್ನ ಹೆಂಡತಿಯ ಬಳೆಯನ್ನು ಮಾತ್ರ ತಪ್ಪದೆ ಅಂಗಡಿಗೆ ತಂದು ಅದೇ ಚಕ್ರಕ್ಕೆ ಹಿಡಿಯುತ್ತಿದ್ದ. ಗಿರಾಕಿಯ ಮಾತು ಬೇರೆ, ಮನೆಯ ಮಾತು ಬೇರೆ! ಪಾಲಿಶ್ ಮೇಸ್ತ್ರಿಯ ಹೆಂಡತಿಯ ಕೈಯಲ್ಲಿ ಮಂಕು ಬಳೆ ಇದ್ದರೆ ನೋಡಿದವರು ಏನಂದಾರು? ದೀಪದ ಬುಡದಲ್ಲೇ ಕತ್ತಲೆ ಅಂದಾರು.

ಆ ಬಳೆ ಸಾಮಾನ್ಯದ್ದಲ್ಲ. ಹೆಂಡತಿಯ ಅಪ್ಪ ಕೆತ್ತನೆ ಕೆಲಸದವನು. ಕಣ್ಣು ಪೂರ್ತಿ ಮಂಜಾಗುವ ಮುಂಚೆ ಒಂದೇ ಪಟ್ಟಿ ಚಿನ್ನದಲ್ಲಿ ಎರಡು ಬಳೆ ಮಾಡಿ ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದು ಕೊಟ್ಟಿದ್ದ. ಸುತ್ತಲೂ ಬಳ್ಳಿ, ಬಳ್ಳಿಯ ತುಂಬ ಎಲೆ. ಅದೇ ಅವನ ಕೊನೆಯ ಕೆಲಸ. ಹೆಂಡತಿಯ ಬಳೆಯಲ್ಲಿ ಆ ಬಳ್ಳಿ ವರ್ಷದಿಂದ ವರ್ಷಕ್ಕೆ ಸವೆಯುತ್ತಾ ಬಂದು, ಈಗ ಬೆಳಕಿಗೆ ಓರೆಯಾಗಿ ಹಿಡಿದರೆ ಒಂದೆರಡು ಗೆರೆ ಕಂಡರೆ ಕಂಡೀತು, ಇಲ್ಲದಿದ್ದರೆ ಇಲ್ಲ. ಯಾರ ತಪ್ಪು? ಅವಳದೇ! ಮೇಸ್ತ್ರಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಪಾತ್ರೆ ತೊಳೆಯುವಾಗ ತೆಗೆದಿಡು ಅಂದ್ನಲ್ಲ?"

"ತೆಗೆದೇ ಇಟ್ಟಿದ್ದೆ ಕಣ್ರೀ."

"ಹಿಟ್ಟು ನಾದುವಾಗ?"

"ಆಗಲೂ ತೆಗೀತೀನಿ."

"ಮತ್ತೆ ಇದು ತಾನಾಗೇ ಸವೀತಾ? ಚಿನ್ನಕ್ಕೇನು ಗೆದ್ದಲು ಹತ್ತುತ್ತಾ?"

ಅವಳು ಬೇಕರಿಯಲ್ಲಿ ಹಿಟ್ಟು ನಾದುವವಳು. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಬಳೆ ಡಬ್ಬಿಗೆ, ಬಂದು ಅಡುಗೆಗೆ ನಿಂತಾಗ ಡಬ್ಬಿಗೆ, ಬಟ್ಟೆ ಒಗೆಯುವಾಗ, ನೆಲ ಒರೆಸುವಾಗ, ಮಲಗುವಾಗ ಡಬ್ಬಿಗೆ. ಬಳೆ ಅವಳ ಕೈಯಲ್ಲಿದ್ದುದಕ್ಕಿಂತ ಡಬ್ಬಿಯಲ್ಲಿದ್ದುದೇ ಹೆಚ್ಚು. ಆದರೂ ಬೈಸಿಕೊಂಡು ಬೈಸಿಕೊಂಡು, ಎಲ್ಲೋ ಒಂದೊಂದು ಸಲ ಮರೆತಿರಬೇಕು, ತನ್ನ ಕೈಯೇ ಒರಟು ಇರಬೇಕು ಅಂತ ಅವಳೂ ನಂಬಿಬಿಟ್ಟಿದ್ದಳು. ಅಪರೂಪಕ್ಕೊಮ್ಮೆ ಬಳೆಯ ಮೇಲೆ ಬೆರಳಾಡಿಸುತ್ತಾ, "ಇಲ್ಲೆಲ್ಲೋ ಅಪ್ಪ ಒಂದು ಇರುವೆ ಬಿಟ್ಟಿದ್ರು. ಎಲೆ ಮೇಲೆ ಹತ್ತೋ ಹಾಗೆ. ನಂಗೆ ಚೆನ್ನಾಗಿ ನೆನಪಿದೆ," ಅನ್ನುತ್ತಿದ್ದಳು.

"ಇತ್ತೇನೋಪ್ಪ," ಎಂದು ಮೇಸ್ತ್ರಿ ನಗುತ್ತಿದ್ದ. "ನೀನು ಉಜ್ಜಿ ಉಜ್ಜಿ ಸಾಯಿಸಿದ್ದೀಯ."

ಅವಳೂ ನಗುತ್ತಿದ್ದಳು. ನಗದೆ ಏನು ಮಾಡುತ್ತಾಳೆ?

ಅವತ್ತು ಹೆಂಡತಿಯ ಬಳೆಯನ್ನು ಚೀಲದಿಂದ ತೆಗೆದು ಇನ್ನೇನು ಕೆಲಸಕ್ಕೆ ಕೂರಬೇಕು, ಅಷ್ಟರಲ್ಲಿ ಅವಳ ತಂಗಿ ಗಾಳಿಯ ಹಾಗೆ ಒಳಗೆ ನುಗ್ಗಿದಳು. ಬೇರೆ ಊರಲ್ಲಿ ಗಿಡಗಳ ನರ್ಸರಿ ನಡೆಸುವವಳು. ಬಂದು ಯಾವ ಕಾಲವಾಗಿತ್ತೋ! ಬಸ್ಸಿಳಿದವಳು ಅಕ್ಕನ ಮನೆಗೂ ಹೋಗದೆ ನೇರ ಅಂಗಡಿಗೇ ಬಂದಿದ್ದಳು. ಕೈ ಎತ್ತಿ ಬಳೆ ತೋರಿಸಿದಳು. ಒಂದು ಕಡೆ ಒಳಕ್ಕೆ ಸೊಟ್ಟಗಾಗಿತ್ತು.

"ಭಾವ, ಕುಂಡ ಇಳಿಸುವಾಗ ಗಾಡಿಗೆ ಸಿಕ್ಕಿಹಾಕ್ಕೊಳ್ತು. ಸ್ವಲ್ಪ ಗುಂಡಗೆ ಮಾಡಿ ಸಂಜೆ ತಂದ್ಬಿಡಿ. ಅಲ್ಲೀತನಕ ನಾನು ಅಕ್ಕನ ತಲೆ ತಿಂತಿರ್ತೀನಿ."

ಮೇಸ್ತ್ರಿ ಬಳೆ ಇಸಿದುಕೊಂಡ. ಮುಖ ಹುಳ್ಳಗಾಯಿತು. ಅದು ಚಿನ್ನ ಅಂತ ಗೊತ್ತಿದ್ದವರಿಗೆ ಮಾತ್ರ ಚಿನ್ನ. ಕೆತ್ತನೆಯ ಸಂದಿಗೊಂದಿಯಲ್ಲೆಲ್ಲ ಮಣ್ಣು ಕೂತು ಗಾರೆ ಆಗಿತ್ತು, ಮೇಲೆಲ್ಲ ಅಡ್ಡಾದಿಡ್ಡಿ ಗೀರು.

"ಅಯ್ಯೋ ಮಹರಾಯ್ತಿ, ಇದನ್ನ ಹಾಕ್ಕೊಂಡೇ ಗೊಬ್ಬರ ಕಲಸ್ತೀಯಾ?"

"ಮತ್ತಿನ್ನೇನು? ಬಿಚ್ಚಿಟ್ರೆ ಎಲ್ಲಿಟ್ಟೆ ಅನ್ನೋದೇ ನಂಗೆ ನೆನಪಿರಲ್ಲ. ಕೈಯಲ್ಲಿದ್ರೆ ಕೈ ಇರೋಷ್ಟು ದಿನ ಇರುತ್ತೆ."

"ನಿನ್ನ ಅಕ್ಕನ್ನ ನೋಡಿ ಕಲಿ. ಅವಳಾದ್ರೂ ಎಷ್ಟೋ ವಾಸಿ."

"ಅಕ್ಕ ಚಿನ್ನದಂಥವಳು, ನಾನು ಮಣ್ಣು. ಸಂಜೆ ಬೇಗ ಬನ್ನಿ," ಎಂದು ನಗುತ್ತಾ ನಾದಿನಿ ಹೊರಟೇಹೋದಳು.

ಮೇಸ್ತ್ರಿ ಗೊಣಗುತ್ತಾ ಬಟ್ಟಲಿಗೆ ಬೆಚ್ಚಗಿನ ನೀರು ಬಿಟ್ಟು ಸೋಪು ಕದಡಿ ಬಳೆ ಮುಳುಗಿಸಿದ. ಮೊದಲ ನೀರು ಕೆಸರಾಯಿತು, ಚೆಲ್ಲಿದ. ಎರಡನೆಯ ನೀರಿನಲ್ಲಿ ಬ್ರಷ್ಷು ಆಡಿಸಿದ. ಮಣ್ಣು ಬಿಟ್ಟಿತು. ಮಣ್ಣು ಬಿಟ್ಟ ಜಾಗದಲ್ಲಿ ಒಂದು ಎಲೆ ಕಂಡಿತು. ಎಲೆಯಲ್ಲಿ ನರಗಳಿದ್ದವು. ಪಕ್ಕದಲ್ಲಿ ಇನ್ನೊಂದು ಎಲೆ, ಅದರಾಚೆ ಸುರುಳಿ ಸುತ್ತಿದ ಎಳೆ ಕುಡಿ. ಮೇಸ್ತ್ರಿಯ ಗೊಣಗು ನಿಂತಿತು. ಬಳೆಯನ್ನು ತಿರುಗಿಸಿದ, ಒರೆಸಿದ, ಭೂತಗನ್ನಡಿ ಕಣ್ಣಿಗೇರಿಸಿದ. ಮೇಲೆ ಗೀರುಗಳಿದ್ದವು ನಿಜ, ಆದರೆ ಬಳ್ಳಿಗೆ ಏನೂ ಆಗಿರಲಿಲ್ಲ. ಒಂದು ಎಲೆಯ ಅಂಚಿನಲ್ಲಿ ಮುಂದಿನ ಕಾಲು ಮೇಲಿಟ್ಟು, ಹತ್ತಲೋ ಬೇಡವೋ ಅಂತ ಯೋಚಿಸುತ್ತಿರುವಂತೆ, ಸಾಸಿವೆಗಿಂತ ಸಣ್ಣದೊಂದು ಇರುವೆ ನಿಂತಿತ್ತು.

ಮೇಸ್ತ್ರಿ ಭೂತಗನ್ನಡಿಯನ್ನು ಒರೆಸಿ ಮತ್ತೊಮ್ಮೆ ನೋಡಿದ.

ಹೆಂಡತಿಯ ಬಳೆಯನ್ನು ತೆಗೆದು ಪಕ್ಕದಲ್ಲಿಟ್ಟ. ಒಂದೇ ಅಪ್ಪ, ಒಂದೇ ಪಟ್ಟಿ, ಒಂದೇ ಉಳಿ. ಗೊಬ್ಬರದಲ್ಲಿ ಬಿದ್ದು ಎದ್ದ ಬಳೆಯಲ್ಲಿ ಎಲೆ ಎಲೆಯೂ ಇದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಪಾಡಿದ ಬಳೆ ಮಾತ್ರ ಕನ್ನಡಿಯ ಹಾಗೆ ನುಣ್ಣಗೆ, ತಗಡಿನ ಹಾಗೆ ತೆಳ್ಳಗೆ, ಬರೀ ಹೊಳಪು. ದುಡಿತದಿಂದ ಗೀರು ಬೀಳುತ್ತದೆ, ಒಳಗಿರುವುದು ಒಳಗೇ ಇರುತ್ತದೆ. ಚಿನ್ನವನ್ನು ಕೆರೆದು ಒಯ್ಯುವುದು ಚಕ್ರ. ಇದು ಅವನಿಗೆ ಗೊತ್ತಿರಲಿಲ್ಲವೇ? ಗಿರಾಕಿಗಳಿಗೆ ಬಾಯಿ ನೋಯುವಷ್ಟು ಹೇಳಿದವನು ಅವನೇ! ಚಕ್ರದ ಕೆಳಗಿನ ತಟ್ಟೆಯ ಧೂಳನ್ನು ವರ್ಷಕ್ಕೊಮ್ಮೆ ಕರಗಿಸಿ ಅಂಗಡಿಯ ಯಜಮಾನ ಚಿನ್ನ ತೆಗೆಸುತ್ತಾನೆ, ಆ ಧೂಳನ್ನು ಗುಡಿಸಿ ಕೊಡುವವನೂ ಅವನೇ. ಮಾವನ ಎಲೆಗಳೆಲ್ಲ ಆ ತಟ್ಟೆಗೆ ಉದುರಿ, ಕರಗಿ, ಈಗ ಯಾರ್ಯಾರ ಕಿವಿಯ ಓಲೆಯಾಗಿ ಎಲ್ಲೆಲ್ಲಿ ತಿರುಗುತ್ತಿವೆಯೋ! ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದೂ ಸಾಲದೆ ಹೊಲಕ್ಕೇ ಬೈದಿತ್ತು.

ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನೀರು ಕುಡಿದ. ಕಿಟಕಿಯ ಹತ್ತಿರ ಹೋದ, ಬಂದ, ಕೂತ, ಮತ್ತೆ ಎದ್ದ. ಸಂಜೆ ನಾದಿನಿ ಬಳೆ ತೊಟ್ಟುಕೊಂಡು ಅಕ್ಕನ ಪಕ್ಕ ಕೂರುತ್ತಾಳೆ. ಎರಡು ಕೈ ಒಂದೇ ಮೇಜಿನ ಮೇಲೆ. ಹೆಂಡತಿಗೇನು ಕಣ್ಣಿಲ್ಲವೇ? ಸಂಸಾರ ಹೂಡಿದಂದಿನಿಂದ ಆಡಿದ ಒಂದೊಂದು ಮಾತೂ ತಿರುಗಿ ಬಂದು ಮೇಸ್ತ್ರಿಯ ಕಿವಿಯಲ್ಲೇ ಗುಂಯ್ ಅನ್ನತೊಡಗಿತು. ನಾಳೆಯಿಂದ ಅವಳ ಮುಖ ನೋಡುವುದು ಹೇಗೆ?

ಸೊಟ್ಟಗಾದುದನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಗುಂಡಗೆ ಮಾಡಿದ. ಅಷ್ಟರಲ್ಲಿ ಯಜಮಾನ ಬಾಗಿಲಲ್ಲಿ ಇಣುಕಿದ.

"ನಾದಿನಿಯವರದ್ದಾ ಮೇಸ್ತ್ರಿ? ತುಂಬಾ ಗೀರಿದೆಯಲ್ರೀ. ಒಂದು ಸಲ ಚಕ್ರಕ್ಕೆ ಹಿಡಿದ್ಬಿಡಿ, ಹೊಸದಾಗುತ್ತೆ."

ಯಜಮಾನ ಹೋದ. ಮಾತು ಉಳಿಯಿತು. ಹೌದಲ್ಲ! ಒಂದು ಸಲ ಸಾಲದು, ಗಟ್ಟಿಯಾಗಿ ಒತ್ತಿ ಹಿಡಿದರೆ ಸಂಜೆಯೊಳಗೆ ಎರಡೂ ಬಳೆ ಒಂದೇ ಥರ ಆಗುತ್ತವೆ. ಗೀರು ತೆಗೆಯೋಕೆ ಹೋದೆ ಕಣಮ್ಮ, ಎಲೆ ಮೊದಲೇ ಸವೆದಿತ್ತು ಅಂದರೆ ಆಯಿತು. ನಾದಿನಿ ಗಡಿಬಿಡಿಯವಳು, ಅವಳಿಗೇನು ಗೊತ್ತಾಗುತ್ತದೆ? ಇರುವೆ ಸತ್ತರೆ ಸಾಕ್ಷಿಯೂ ಸತ್ತಂತೆ.

ಮೇಸ್ತ್ರಿ ಗುಂಡಿ ಒತ್ತಿದ. ಚಕ್ರ ಗುರ್ರೆಂದಿತು. ಅದಕ್ಕೆ ಪಾಲಿಶಿನ ಕೆಂಪು ಮೇಣ ಹಚ್ಚಿದ. ಬಳೆಯನ್ನು ಹತ್ತಿರ ತಂದ, ಹಿಂದಕ್ಕೆ ಎಳೆದ, ಮತ್ತೆ ತಂದು ಹಿಡಿದ. ಚಕ್ರದ ಬಟ್ಟೆಯ ಮೇಲೆ ಸಣ್ಣದೊಂದು ಕಪ್ಪು ಗೆರೆ ಮೂಡಿತು. ಇಷ್ಟು ವರ್ಷ ಆ ಗೆರೆಯನ್ನು ಕೊಳೆ ಹೋಗುವ ಗುರುತು ಅಂತಲೇ ಕಂಡವನು. ಆದರೆ ಈ ಬಳೆಯನ್ನು ಈಗಷ್ಟೇ ತನ್ನ ಕೈಯಾರೆ ತೊಳೆದಿದ್ದ. ಕೊಳೆ ಎಲ್ಲಿತ್ತು? ಕೈ ಕಿತ್ತುಕೊಂಡ. ಇರುವೆಯ ಪಕ್ಕದ ಎಲೆಯ ಮೊನೆ ಮೊಂಡಾಗಿಬಿಟ್ಟಿತ್ತು. ಇರುವೆ ಇನ್ನೂ ನಿಂತಿತ್ತು.

"ಥೂ, ನನ್ನ ಜನ್ಮಕ್ಕಿಷ್ಟು!" ಎಂದು ಜೋರಾಗಿಯೇ ಅಂದು ಚಕ್ರ ನಿಲ್ಲಿಸಿದ.

ಆ ಸಂಜೆ ಮನೆಯ ದಾರಿ ಬೆಳೆಯಿತು. ದಾರಿ ಬೆಳೆಸಿದವನು ಅವನೇ, ಬೇಕಿಲ್ಲದ ಬೀದಿಯನ್ನೆಲ್ಲ ಸುತ್ತಿದ. ಎದುರಿಗೆ ಸಿಕ್ಕ ಹೂವಿನ ಅಂಗಡಿಯವಳು "ಏನು ಮೇಸ್ತ್ರಿ, ಏನು ಮುಚ್ಚಿಟ್ಕೊಂಡು ಹೋಗ್ತಿದ್ದೀರಿ?" ಎಂದು ಸುಮ್ಮನೆ ತಮಾಷೆಗೆ ಕೇಳಿದರೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಜೇಬು ಮುಟ್ಟಿಕೊಂಡ.

ಮನೆಯಲ್ಲಿ ಅಕ್ಕ ತಂಗಿ ಊಟದ ಮೇಜಿನ ಮುಂದೆ ಕೂತು ನಗುತ್ತಿದ್ದರು. ತೊಟ್ಟಿಯ ತುಂಬ ಪಾತ್ರೆ. ಮೇಸ್ತ್ರಿ ಚಪ್ಪಲಿ ಬಿಟ್ಟವನೇ, ಯೋಚನೆ ಮಾಡಿದರೆ ಧೈರ್ಯ ಎಲ್ಲಿ ಹಾರಿಹೋಗುತ್ತದೋ ಅಂತ, ಎರಡೂ ಬಳೆಯನ್ನು ತೆಗೆದು ಮೇಜಿನ ಮೇಲೆ ಇಟ್ಟೇಬಿಟ್ಟ.

ಹೆಂಡತಿ ತಂಗಿಯ ಬಳೆಯನ್ನು ಎತ್ತಿಕೊಂಡಳು. ದೀಪದ ಕೆಳಗೆ ತಿರುಗಿಸಿದಳು. ಬೆರಳು ನಿಂತಿತು.

"ಇದೆ! ರೀ, ನೋಡ್ರೀ, ಇರುವೆ ಇದೆ! ನಾನು ಹೇಳ್ತಿರಲಿಲ್ವಾ?" ಚಿಕ್ಕ ಹುಡುಗಿಯ ಹಾಗೆ ಕೂಗಿದಳು. ಆಮೇಲೆ ತನ್ನ ಬಳೆಯನ್ನು ಕೈಗೆತ್ತಿಕೊಂಡಳು. ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ನಗು ನಿಧಾನವಾಗಿ ಆರಿತು. "ಇದು ಮಣ್ಣಲ್ಲೇ ಇತ್ತಲ್ಲ. ಮತ್ತೆ ನಂದು?"

"ನಿನ್ನ ತಪ್ಪಲ್ಲ," ಅಂದ ಮೇಸ್ತ್ರಿ. "ನಿಂದು ಯಾವತ್ತೂ ತಪ್ಪಿರಲಿಲ್ಲ. ನಾನೇ ಉಜ್ಜಿ ಉಜ್ಜಿ ತೆಗೆದದ್ದು. ವಾರ ವಾರವೂ. ಇವತ್ತು ಗುಟ್ಟು ಮುಚ್ಚೋಕೆ ಅಂತ ಇದನ್ನೂ ಚಕ್ರಕ್ಕೆ ಹಿಡಿದೆ. ಒಂದು ಎಲೆ ಕೆಡಿಸಿದೆ."

ನಾದಿನಿ ಬಳೆ ಇಸಿದುಕೊಂಡು ನೋಡಿದಳು. "ಹುಳ ತಿಂದಿದೆ ಅಂದ್ಕೊಳ್ತೀನಿ ಬಿಡಿ ಭಾವ. ನಮ್ಮ ನರ್ಸರೀಲಿ ಇದು ದಿನಾ ಇದ್ದದ್ದೇ," ಎಂದು ನಗಿಸಲು ನೋಡಿದಳು. ಯಾರೂ ನಗಲಿಲ್ಲ.

ಹೆಂಡತಿ ಅಳಲಿಲ್ಲ, ಕೂಗಾಡಲೂ ಇಲ್ಲ. ಅದರಿಂದಲೇ ಮೇಸ್ತ್ರಿಗೆ ಹೆಚ್ಚು ಭಯವಾಯಿತು.

"ಬಳೆ ಹಾಳಾಗ್ಲಿ ಬಿಡ್ರೀ," ಅಂದಳು. "ಅಪ್ಪಂಗೆ ಕಣ್ಣು ಹೋಗಿತ್ತಲ್ಲ. ಹಾಸಿಗೆ ಹಿಡಿದಾಗ ನಾವಿಬ್ರೂ ಸರದಿ ಮೇಲೆ ಅನ್ನ ತಿನ್ನಿಸ್ತಿದ್ವಿ. ಇವಳು ಹೋದ್ರೆ ಮಣಿಕಟ್ಟು ಮುಟ್ಟಿ, ಬಳೆ ತಡವಿ, 'ಸಣ್ಣವಳಾ?' ಅಂತಿದ್ರು. ನಾನು ಅನ್ನದ ಕೈ, ನೀವು ಬೈತೀರಿ ಅಂತ ಬಳೆ ತೆಗೆದಿಟ್ಟು ಹೋಗ್ತಿದ್ದೆ. ನನ್ನ ಕೈನೂ ಹಂಗೇ ತಡವೋರು. ಏನೂ ಸಿಗ್ತಿರಲಿಲ್ಲ. 'ಯಾರಮ್ಮ ನೀನು?' ಅಂತ ಕೇಳೋರು. ದಿನಾ ಕೇಳೋರು."

ಮೇಸ್ತ್ರಿ ಕುರ್ಚಿ ಎಳೆದುಕೊಂಡು ಕೂತ. ಯಾವತ್ತೂ ಸುಮ್ಮನಿರದ ಕೈಗಳು ತೊಡೆಯ ಮೇಲೆ ಬಿದ್ದುಕೊಂಡವು.

"ಅಕ್ಕಾ, ನೀನು ನಂದು ಹಾಕ್ಕೋ. ನಂಗೆ ಯಾವುದಾದ್ರೇನು?" ಅಂದಳು ತಂಗಿ. ಅವಳ ಕಣ್ಣು ತುಂಬಿತ್ತು.

"ಬೇಡ ಕಣೇ. ಅದು ನಿನ್ನ ಜೊತೆ ದುಡಿದಿದ್ದು." ಹೆಂಡತಿ ತನ್ನ ನುಣುಪು ಬಳೆಯನ್ನು ಕೈಗೇರಿಸಿ ಎದ್ದು ಹೋಗಿ ತೊಟ್ಟಿಯ ಮುಂದೆ ನಿಂತಳು. ನಲ್ಲಿ ತಿರುಗಿಸಿದಳು. ಬಳೆ ಬಿಚ್ಚಲಿಲ್ಲ. ಹಾಗೆಯೇ ಸೋಪಿನ ನೀರಿಗೆ ಕೈ ಇಳಿಸಿ ದೊಡ್ಡ ಪಾತ್ರೆಯನ್ನು ಎಳೆದಳು.

ಠಣ್ ಅಂತ ಬಳೆ ಪಾತ್ರೆಯ ಅಂಚಿಗೆ ಬಡಿಯಿತು. ಮೇಸ್ತ್ರಿಯ ಹಲ್ಲು ಜುಂ ಎಂದಿತು. ಕೈ ತಾನಾಗಿಯೇ ಜೇಬಿಗೆ ಹೋಗಿ ಒರೆಸುವ ಬಟ್ಟೆಯನ್ನು ಹೊರಗೆಳೆಯಿತು. ಎದ್ದ. ಅವಳ ಪಕ್ಕಕ್ಕೆ ಹೋಗಿ ನಿಂತ. ಅವಳು ಅವನತ್ತ ತಿರುಗಲಿಲ್ಲ. ತೊಳೆದ ಪಾತ್ರೆಯನ್ನು ಮಾತ್ರ ಪಕ್ಕಕ್ಕೆ ಚಾಚಿದಳು. ಮೇಸ್ತ್ರಿ ಅದನ್ನು ತೆಗೆದುಕೊಂಡು ಒರೆಸಿದ. ಇನ್ನೊಂದು ಬಂತು, ಅದನ್ನೂ ಒರೆಸಿದ.

ಮತ್ತೆ ಠಣ್ ಎಂದಿತು, ಈ ಸಲ ನಲ್ಲಿಗೆ. ಅವಳು ಕೈಯನ್ನು ನೀರಿನಿಂದ ಎತ್ತಿ ಬಳೆ ನೋಡಿಕೊಂಡಳು.

"ಗೀರು ಬಿತ್ತು," ಅಂದಳು.

ಮೇಸ್ತ್ರಿ ಬಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

"ಬೀಳಲಿ," ಅಂದ. "ಇರಲಿ ಬಿಡು."