ಅವಳ ಹೆಸರಿನಲ್ಲಿ

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ. ಮೂರು ಲೋಟಕ್ಕೆ ಟೀ ಸೋಸಿ, ಒಂದನ್ನು ಮತ್ತೆ ಪಾತ್ರೆಗೆ ಸುರಿದೆ. ಫೋನ್ ಬಂತು. ಆಫೀಸಿನಲ್ಲಿ ಅವನ ಪಕ್ಕದ ಕುರ್ಚಿಯವಳು.

"ಊಟ ಆಯ್ತಾ ಅಕ್ಕಾ?"

"ಇನ್ನೂ ಹಲ್ಲುಜ್ಜಿಲ್ಲ."

"ಅಯ್ಯೋ, ಸಾರಿ. ಅವರದ್ದು ಕೆಟ್ಟಾಗ ನನ್ನ ಲ್ಯಾಪ್‌ಟಾಪ್ ಕೊಟ್ಟಿದ್ದೆನಲ್ಲ, ಆಫೀಸಲ್ಲಿ ಕೇಳ್ತಿದ್ದಾರೆ. ನಾನೇ ಬಂದು ಸರಿಮಾಡ್ಕೊಂಡು ತಗೊಂಡ್ಹೋಗ್ಲಾ?"

"ಬೇಡ. ನಾನೂ ಕಂಪ್ಯೂಟರೇ ಓದಿರೋದು, ನಾನೇ ಸರಿಮಾಡಿ ತರ್ತೀನಿ."

"ಹಾಗಾದ್ರೆ ಕೋಡನ್ನ ಸರ್ವರ್‌ನಲ್ಲಿರೋ ಪ್ರತಿಗೆ ರೀಸೆಟ್ ಮಾಡ್ಬಿಡಿ. ನಾವು ಮಾಡಿಕೊಟ್ಟಿರೋ ಲೈಬ್ರರಿ ಸಾಫ್ಟ್‌ವೇರಿಂದ 'ಪುಸ್ತಕ ವಾಪಸ್ ಕೊಡಿ' ಅನ್ನೋ ಮೆಸೇಜ್ ಎರಡೆರಡು ಸಲ ಹೋಗ್ತಿದೆ. ಕಾರಣ ಸಿಕ್ತು ಅಂತ ಅವರು ಅಂದಿದ್ರು, ಏನಂತ ಹೇಳ್ಲಿಲ್ಲ. ಕಳಿಸದೆ ಉಳಿದಿದ್ದೇನಾದ್ರೂ ಇದ್ರೆ ಮೊದಲು ಕಳಿಸ್ಬಿಡಿ ಅಕ್ಕಾ."

ಪಾಸ್‌ವರ್ಡ್ ಹೇಳಿದಳು. ಅವಳ ಬೆಕ್ಕಿನ ಹೆಸರು. ತಿಂಗಳಿಡೀ ನಮ್ಮ ಮಂಚದ ಮೇಲೆ ಕೂತು ಅವನು ಅದನ್ನೇ ಒತ್ತಿದ್ದ.

ಅವನು ಸರ್ವರಿಗೆ ಕಳಿಸಿದ ಕೆಲಸವೆಲ್ಲ ಸಾಲಾಗಿ ತೆರೆದುಕೊಂಡಿತು. "ಕೊನೆಗೂ", "ಥೂ, ಅಲ್ಪವಿರಾಮ" ಎಂಬ ಟಿಪ್ಪಣಿಗಳು ಅವನವೇ. ಪ್ರತಿಯೊಂದರ ಪಕ್ಕದಲ್ಲೂ ಹೆಸರು ಮಾತ್ರ ಅವಳದು. ಯಂತ್ರ ಅವಳದಾಗಿದ್ದರಿಂದ ಅದರಲ್ಲಿದ್ದ ಹೆಸರೇ ಬಿದ್ದಿತ್ತು. ಬದಲಾಯಿಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಕಳಿಸದೆ ಉಳಿದದ್ದು ಕೆಲವೇ ಸಾಲು. ಮೆಸೇಜ್ ಕಳಿಸುವ ಮೊದಲು, ಆಗಲೇ ಕಳಿಸಿಯಾಗಿದೆಯೇ ಎಂದು ವಿಚಾರಿಸುವ ಸಾಲುಗಳು. ಇಷ್ಟೇ. ಅವನ ಹೆಸರು ಹಾಕಿ ಕಳಿಸುವುದು ಕ್ಷಣದ ಕೆಲಸ. ಆದರೆ ಆಮೇಲೆ ದಿನಾ ಅದನ್ನು ತೆರೆಯುವವಳು, ತಿದ್ದುವವಳು, ನೋಡಿ ನಗುವವಳು ಅವಳೇ.

"ಕಂಡವರ ವಸ್ತು ಇಟ್ಕೊಂಡು ಏನು ನೋಡ್ತಾ ಕೂತಿದ್ದೀಯೇ? ಕೊಟ್ಟು ಕೈ ತೊಳ್ಕೊ," ಎಂದರು ಅತ್ತೆ.

"ಕೊಡ್ತೀನಿ ಅತ್ತೆ."

ಆ ಸಾಲುಗಳನ್ನು ಬಾಯಿಪಾಠ ಬರುವವರೆಗೆ ಓದಿದೆ. ಆಮೇಲೆ ರೀಸೆಟ್ ಮಾಡಿದೆ. ಕಳಿಸದ ಸಾಲುಗಳು ಅಳಿಸಿಹೋಗಿ, ಸರ್ವರಿನಲ್ಲಿ ಇದ್ದದ್ದಷ್ಟೇ ಇಲ್ಲೂ ಉಳಿಯಿತು.

ಮಧ್ಯಾಹ್ನ ಆಫೀಸಿನ ಬಾಗಿಲಲ್ಲೇ ನಿಂತು ಲ್ಯಾಪ್‌ಟಾಪ್ ಕೊಟ್ಟೆ.

"ಏನಾದ್ರೂ ಉಳಿದಿತ್ತಾ ಅಕ್ಕಾ?"

"ಏನೂ ಇರ್ಲಿಲ್ಲ."

ಅವಳು ಅದನ್ನು ಎದೆಗವಚಿಕೊಂಡು ಅತ್ತಳು. ನನಗಿನ್ನೂ ಬಾರದ ಅಳು ಅವಳಿಗೆ ಎಷ್ಟು ಸಲೀಸಾಗಿ ಬಂತು. ಮುಗಿಯುವವರೆಗೆ ಕಾದು, ಅವನು ಸುತ್ತಿಟ್ಟಿದ್ದ ಚಾರ್ಜರ್ ವೈರನ್ನು ಬಿಚ್ಚಿ, ಬೇರೆ ಥರ ಸುತ್ತಿ, ಅದನ್ನೂ ಕೊಟ್ಟೆ.