ರಿಪೇರಿ ಮಾಡಿಸಬಾರದ ಕಾರ್ನೆಟ್

ಬೂದಿಕೋಟೆಯ ಹಾಲಿನ ಡೇರಿಯಲ್ಲಿ ಸುಕನ್ಯಳ ಕಣ್ಣಿಗೆ ಮಣ್ಣೆರಚಿ ಕ್ಯಾನಿಗೆ ನೀರು ಬೆರೆಸಿದವರು ಯಾರೂ ದಕ್ಕಿಸಿಕೊಂಡಿಲ್ಲ. ನೀರು ಪತ್ತೆಹಚ್ಚುವ ಡಿಗ್ರಿ ಕಡ್ಡಿ ಹಾಲಿಗೆ ಇಳಿಯುವ ಮೊದಲೇ ಅವಳು ಮೂಗು ಮುರಿದಿರುತ್ತಾಳೆ. ಅಂಥವಳಿಗೆ ಬಂಗಾರಪೇಟೆಯ ಕಲ್ಯಾಣಮಂಟಪದಲ್ಲಿ ಶಾಲು ಹೊದಿಸಿ, ಮೈಕಿನಲ್ಲಿ ‘ಮೂಲ ಕಲಾವಿದೆ’ ಎಂದು ಕೂಗಿ, ಕೈಗೊಂದು ಮಖಮಲ್ಲಿನ ಪೆಟ್ಟಿಗೆ ಕೊಟ್ಟರೆ ಹಿಗ್ಗುತ್ತಾಳೆಯೇ? ಪೆಟ್ಟಿಗೆಯೊಳಗೆ ಅವಳು ಹೈಸ್ಕೂಲಿನಲ್ಲಿ ಊದುತ್ತಿದ್ದ ಕಾರ್ನೆಟ್ಟು ಮಲಗಿತ್ತು. ತುತ್ತೂರಿಯ ತಂಗಿಯಂಥ ವಾದ್ಯ, ಮೇಲೆ ಮೂರು ಗುಂಡಿ. ನಡುವಿನ ಗುಂಡಿ ಅಂದು ಸಿಕ್ಕಿಕೊಂಡಂತೆಯೇ ಇಂದೂ ಸಿಕ್ಕಿಕೊಂಡಿತ್ತು.

“ದಯವಿಟ್ಟು ಇದನ್ನು ಯಾವತ್ತೂ ರಿಪೇರಿ ಮಾಡಿಸಬೇಡಿ,” ಎಂದ ಕೊಟ್ಟವನು, ಎದೆಯ ಮೇಲೆ ಕೈಯಿಟ್ಟು.

ಹದಿನೈದು ವರ್ಷದ ಹಿಂದೆಯೂ ಆ ಮಹಾಶಯ ಇದೇ ಮಾತು ಹೇಳಿದ್ದ.

ಆಗ ಸುಕನ್ಯ ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಬ್ಯಾಂಡು ಕಲಿಸುತ್ತಿದ್ದ ಪೆರುಮಾಳ್ ಮಾಸ್ಟರು ವಾರ್ಷಿಕೋತ್ಸವಕ್ಕೆಂದು ತಾವೇ ಹೆಜ್ಜೆ ಹಾಕುವ ಒಂದು ಮಾರ್ಚಿನ ಮಟ್ಟು ಕಟ್ಟಿ, ಮಧ್ಯದಲ್ಲಿ ಒಂಟಿ ಕಾರ್ನೆಟ್ಟಿನ ತುಂಡೊಂದನ್ನು ಅವಳಿಗೆಂದೇ ಇಟ್ಟಿದ್ದರು. ಅವಳು ಅದನ್ನು ನೀರು ಕುಡಿದಷ್ಟು ಸಲೀಸಾಗಿ ಊದುತ್ತಿದ್ದಳು. ಅವಳಪ್ಪ ಬಚ್ಚಪ್ಪ ಊರೆಲ್ಲ ಡಂಗುರ ಹೊಡೆದು ಬಂದಿದ್ದ. ಅಷ್ಟರಲ್ಲಿ ಯಾರದೋ ಕೈ ಜಾರಿ ಕಾರ್ನೆಟ್ಟು ಮೆಟ್ಟಿಲ ಮೇಲೆ ಉರುಳಿತು. ಗುಂಡಿ ಸಿಕ್ಕಿಕೊಂಡಿತು, ಕೊಳವೆಯ ಬೆಸುಗೆ ಬಿಟ್ಟು ಗಾಳಿ ಸೋರಿತು. ಪಾತ್ರೆಗಳಿಗೆ ಬೆಸುಗೆ ಹಾಕುವ ಮುನಿಸ್ವಾಮಪ್ಪ ಸರಿಮಾಡಿ ಕೊಡುತ್ತೇನೆಂದಿದ್ದ. ಅಲ್ಲಿಗೆ ಚಿಂತೆ ಮುಗಿಯಬೇಕಿತ್ತು.

ಆದರೆ ಗಣಿ ಮುಚ್ಚಿದ ಮೇಲೆ ಈ ಸೀಮೆಗೆ ಚಿನ್ನ ಹುಡುಕಿಕೊಂಡು ಬರುವವರು ನಿಂತು, ದುಃಖ ಹುಡುಕಿಕೊಂಡು ಬರುವವರು ಶುರುವಾಗಿದ್ದರು. ಹಾಗೆ ಬಂದವನು ಈಗ ಪೆಟ್ಟಿಗೆ ಕೊಟ್ಟ ಈತ. ಬೆಂಗಳೂರಿನವನು, ವಿದೇಶದಲ್ಲಿ ಓದಿ ಹೊಸ ಬಗೆಯ ಸಂಗೀತ ಮಾಡುವವನಂತೆ. ಶಾಲೆಗೆ ಬಂದ ಅವನಿಗೆ ಸುಕನ್ಯ ಕೆಟ್ಟ ಕಾರ್ನೆಟ್ಟನ್ನು ಊದಿ ತೋರಿಸಿದಳು. ಅದು ಪುಸ್ಸೆಂದಿತು. ಈತ ಕಣ್ಣು ಮುಚ್ಚಿಕೊಂಡ.

“ಗಣಿಯ ಉಸಿರು!” ಎಂದ. “ಇದನ್ನು ಯಾರೂ ಮುಟ್ಟಕೂಡದು.”

ಶಾಲೆಗೆ ಹೊಸ ವಾದ್ಯಗಳನ್ನು ಕೊಡಿಸುತ್ತೇನೆಂದು ಅವನು ಬಾಯಿಬಿಟ್ಟದ್ದೇ ತಡ, ಹೆಡ್‌ಮಾಸ್ಟರು ಕೋಲೆಬಸವನ ಹಾಗೆ ತಲೆಯಾಡಿಸಿದರು. ಮಾರ್ಚು ಮೂಲೆ ಸೇರಿತು. ಅವನ ಹೊಸ ಸಂಗೀತದಲ್ಲಿ ಡ್ರಮ್ಮನ್ನು ಬಾರಿಸುವಂತಿಲ್ಲ, ಉಗುರಿನಿಂದ ಕೆರೆಯಬೇಕು. ತಾಳಗಳನ್ನು ಚಾಪೆಯಂತೆ ನೆಲದ ಮೇಲೆ ಎಳೆಯಬೇಕು. ಸುಕನ್ಯ ಸ್ವರವನ್ನೇ ಹೊರಡಿಸದೆ ಕಾರ್ನೆಟ್ಟಿನೊಳಗೆ ಬರೀ ಉಸಿರು ಬಿಡಬೇಕು. ಮಕ್ಕಳು ಅವನಿಗೆ ತೂತು ಸಾರ್ ಎಂದು ಹೆಸರಿಟ್ಟರು.

“ಸಾರ್, ಗುಂಡಿ ಸರಿಮಾಡ್ಸಿದ್ರೆ ನಾನು ನಿಜವಾಗ್ಲೂ ಊದ್ತೀನಿ ಸಾರ್,” ಎಂದಳು ಸುಕನ್ಯ.

“ನಿಜ ಅನ್ನೋದು ಇದೇ, ಮಗೂ.”

ಪೆರುಮಾಳ್ ಮಾಸ್ಟರು ಅವಳನ್ನು ಪಕ್ಕಕ್ಕೆ ಕರೆದು, “ಎನ್ನಮ್ಮಾ ಮಾಡೋದು? ಎಡ್‌ಮಾಸ್ಟ್ರೇ ಒಪ್ಕಂಡ್‌ಬಿಟ್ಟವ್ರೆ,” ಎಂದು ಕೈಚೆಲ್ಲಿದರು. ಅವಳಿಗೆ ಅವರ ಮೇಲೂ ಅಸಹ್ಯ ಹುಟ್ಟಿತು.

ವಾರ್ಷಿಕೋತ್ಸವಕ್ಕೆ ಬಚ್ಚಪ್ಪ ಬಿಳೀ ಪಂಚೆಯುಟ್ಟು, ಅರ್ಧ ಬಸ್ಸಿನಷ್ಟು ಜನರನ್ನು ಕಟ್ಟಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತ. ತೂತು ಸಾರ್ ಜೊತೆ ಬೆಂಗಳೂರಿನಿಂದ ಬಂದವರು ಆಗಲೇ ಕಣ್ಣು ಮುಚ್ಚಿದ್ದರು. ಸುಕನ್ಯ ಒಬ್ಬಳೇ ಮುಂದೆ ಬಂದು ನಿಂತು ಉಸಿರು ಬಿಟ್ಟಳು. ಮತ್ತೆ ಬಿಟ್ಟಳು. ಹಿಂದಿನಿಂದ ಯಾರೋ, “ಲೇ, ಯಾರಾದ್ರೂ ಪಂಚರ್ ಆಕ್ರಲಾ!” ಎಂದು ಕೂಗಿದ. ಅದೂ ಸಂಗೀತದ ಭಾಗವೆಂದುಕೊಂಡು ಬೆಂಗಳೂರಿನವರು ಚಪ್ಪಾಳೆ ತಟ್ಟಿದರು.

ಊರಿಗೆ ಮರಳುವ ಬಸ್ಸಿನಲ್ಲಿ ಅಪ್ಪ ಮೆಲ್ಲಗೆ, “ಊದಕ್ಕೆ ಬರ್ದಿದ್ರೆ ಮುಂಚೇನೇ ಏಳ್ಬಾರ್ದೇನಮ್ಮ? ನಾನು ಇಷ್ಟು ಜನಾನ ಕರ್ಕಂಡ್ ಬತ್ತಿರ್ಲಿಲ್ಲ,” ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಬರುತ್ತದೆ, ಆದರೆ ಬರದವಳಂತೆ ಊದು ಎಂದರು ಎಂದು ಎಷ್ಟು ಹೇಳಿದರೂ ಅಪ್ಪ ನಂಬಲಿಲ್ಲ. ಬರುವವರು ಯಾಕೆ ಹಾಗೆ ಊದುತ್ತಾರೆ? ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಶಾಲೆಗೆ ಹೊಸ ವಾದ್ಯಗಳು ಬಂದವು, ಆದರೆ ಅಷ್ಟರಲ್ಲಿ ಅವಳು ಎಸ್ಸೆಸ್ಸೆಲ್ಸಿ ಮುಗಿಸಿ ಹೊರಬಿದ್ದಿದ್ದಳು. ಹಳೆಯವನ್ನು ತೂತು ಸಾರ್ ನೆನಪಿಗೆಂದು ಒಯ್ದ. ವಾರ್ಷಿಕೋತ್ಸವದ ದಿನ ಅವನು ಹಿಡಿದಿಟ್ಟಿದ್ದ ಅವಳ ಉಸಿರಿನ ರೆಕಾರ್ಡು ದೇಶದೇಶ ಸುತ್ತಿ ಅವನಿಗೆ ಹೆಸರು ತಂದಿತು. ಈಗ ಗಡ್ಡ ಬೆಳ್ಳಗಾದ ಮೇಲೆ, ಅದೇ ಹೆಸರಿಗೆ ಇನ್ನೊಂದಿಷ್ಟು ಎಣ್ಣೆ ಹಾಕಲು ಬಂಗಾರಪೇಟೆಗೆ ಬಂದಿದ್ದ. ಅವನ ಭಾಷಣ ಮುಗಿಯುವವರೆಗೂ ಸುಕನ್ಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನೀರೇ ಇದೆ, ಹಾಲಿಲ್ಲ ಎಂದುಕೊಂಡಳು.

ಮಂಟಪದಿಂದ ಹೊರಬಿದ್ದವಳು ಊಟಕ್ಕೂ ನಿಲ್ಲದೆ ನೆಟ್ಟಗೆ ಆಂಡರ್ಸನ್‌ಪೇಟೆಯ ಬಸ್ಸು ಹತ್ತಿದಳು. ಮುನಿಸ್ವಾಮಪ್ಪನಿಗೆ ವಯಸ್ಸಾಗಿದ್ದರೂ ಅಂಗಡಿ ಇತ್ತು.

“ಇದು ಆವತ್ತೇ ಬರ್ಬೇಕಿತ್ತಲ್ಲಮ್ಮ?” ಎಂದ.

“ಇವತ್ತು ಬಂದೈತಲ್ಲ, ಮಾಡು,” ಎಂದಳು.

ಅವನು ಬೆಸುಗೆ ಹಾಕಿ, ಗುಂಡಿ ಬಿಡಿಸಿ, ಒರೆಸಲು ಬಟ್ಟೆ ಕೇಳಿದ. ಅವಳು ಸನ್ಮಾನದ ಶಾಲನ್ನು ಕೊಟ್ಟಳು. ಬಟ್ಟೆಯೇನೋ ಚೆನ್ನಾಗಿ ಎಣ್ಣೆ ಹೀರಿತು.

ಹೊತ್ತಿಳಿಯುವಾಗ ಅವಳು ಮನೆ ಮುಟ್ಟಿದಳು. ಅಪ್ಪ ಕೊಟ್ಟಿಗೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದ. “ಅಪ್ಪ, ಅಲ್ಲೇ ಕೂತ್ಕ. ಇವತ್ತು ಕೇಳು,” ಎಂದು ಎದುರಿಗೆ ನಿಂತಳು. ಮಾರ್ಚಿನ ಆ ತುಂಡು ಬೆರಳುಗಳಿಗೆ ಬಾಯಿಪಾಠವಾಗಿತ್ತು. ಮೂರು ಗುಂಡಿಗಳೂ ಬೆಣ್ಣೆಯಂತೆ ಇಳಿದು ಏಳುತ್ತಿದ್ದವು. ಕಾರ್ನೆಟ್ಟನ್ನು ತುಟಿಗಿಟ್ಟು ಊದಿದಳು.

ಪುಸ್ಸೆಂದಿತು.

ತುಟಿ ಒದ್ದೆ ಮಾಡಿಕೊಂಡು ಮತ್ತೆ ಊದಿದಳು. ಸ್ವರವೊಂದು ತುಸು ಕೆರೆದು ಮುರಿದುಬಿತ್ತು, ಉಳಿದದ್ದೆಲ್ಲ ಗಾಳಿ. ಬೆರಳುಗಳು ಮಾತ್ರ ಒಂದೂ ತಪ್ಪದೆ ಮಾರ್ಚಿನ ಜೊತೆ ಓಡುತ್ತಿದ್ದವು. ಎಲ್ಲಾದರೂ ಸೋರುತ್ತಿದೆಯೇ ಎಂದು ಬೆಸುಗೆಯ ಮೇಲೆ ಕೈಯಿಟ್ಟು ನೋಡಿದಳು. ಎಲ್ಲೂ ಸೋರುತ್ತಿರಲಿಲ್ಲ. ಹದಿನೈದು ವರ್ಷ ಊದದ ತುಟಿಗೆ ಯಾವ ಮುನಿಸ್ವಾಮಪ್ಪ ಬೆಸುಗೆ ಹಾಕುತ್ತಾನೆ? ಸಿಟ್ಟಿಗೆ ಕಣ್ಣಲ್ಲಿ ನೀರು ಬಂದರೂ ಬಿಡದೆ, ಆ ತುಂಡನ್ನು ಕೊನೆಯವರೆಗೂ ಊದಿಯೇ ನಿಲ್ಲಿಸಿದಳು.

ಬಚ್ಚಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಮುಗಿಯಿತೆಂದು ತಿಳಿದ ಮೇಲೆ ಕಣ್ಣು ಬಿಟ್ಟ.

“ಆವತ್ತು ಊದಿದ್ದೂ ಇದೇ ಅಲ್ವೇನಮ್ಮ?” ಎಂದ, ಅಕ್ಕರೆಯಿಂದ. “ಇಷ್ಟು ವರ್ಸ ಆದ್ರೂ ಒಂಚೂರೂ ಮರ್ತಿಲ್ಲ ನೋಡು ನೀನು.”