ಇಪ್ಪತ್ಮೂರು ಮೋಡದ ಸಂಜೆಗಳು

ಕಡತ ಇಳಿಸಿಕೊಳ್ಳುವ ಗುಂಡಿ ಪರದೆಯ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬ ಗಹನವಾದ ಪ್ರಶ್ನೆ ಖಗೋಳ ದತ್ತಾಂಶ ಭಂಡಾರದ ಬಳಕೆದಾರರ ಸಲಹಾ ಸಮಿತಿಯನ್ನು ನಲವತ್ತು ನಿಮಿಷ ಕಾಡಿ ಕೊನೆಗೆ ಬಲಕ್ಕೆಂದು ಇತ್ಯರ್ಥವಾಗಿದೆ, ಇಡೀ ವಿಶ್ವವೇ ನಿರಾಳವಾಗಿ ಉಸಿರು ಬಿಟ್ಟಿರಬೇಕು, ಇಂಡಿ ಊರಿನ ಈ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಫ್ಯಾನು ಮಾತ್ರ ಕಿರುಗುಟ್ಟುತ್ತಲೇ ಇದೆ, ಲ್ಯಾಪ್‌ಟಾಪಿನ ಚೌಕಗಳಲ್ಲಿ ಎಂಟು ಮುಖ, ಒಂದು ನನ್ನದು, ಮುಬೀನಾ, ಭೌತಶಾಸ್ತ್ರ, ಮೈಕು ಬಂದ್ — ಎರಡನೆಯ ವಿಷಯಕ್ಕೆ ಐದು ನಿಮಿಷ ಸಾಕು ಅನ್ನುತ್ತಾರೆ ಅಧ್ಯಕ್ಷರು, ಮುದ್ದೇಬಿಹಾಳದ ಶ್ರೀಶೈಲಪ್ಪನವರ ದಾಖಲೆ, ಒಂದೇ ನಕ್ಷತ್ರದ ಬೆಳಕಿನ ಏರಿಳಿತ, ಮೂವತ್ತೊಂದು ವರ್ಷ. ಬಸವನ ಬಾಗೇವಾಡಿಯ ಸಿದ್ದಾರೂಢ ಗಂಟಲು ಸರಿಮಾಡಿಕೊಳ್ಳುತ್ತಾನೆ, ಹವಾಮಾನದ ಲೆಕ್ಕದ ಜೋಡಿ ಹೋಲಿಸಿ ನೋಡೇನ್ರಿ ಸರ, ಒಂದು ಆಗಸ್ಟಿನ್ಯಾಗ ಇಪ್ಪತ್ತೈದು ಸಂಜಿ ದಟ್ಟ ಮೋಡ, ಅದರಾಗ ಇವರು ಇಪ್ಪತ್ಮೂರು ಸಂಜಿ ಚಿಕ್ಕಿ ನೋಡ್ಯಾರ, ಮುಬೀನಾ ಮೇಡಮ್ಮರ, ನಿಮ್ಮೂರವರ ಕಣ್ಣು ಭಾಳ ಚುರುಕು ಬಿಡ್ರಿ. ಏಳು ಚೌಕಗಳಲ್ಲಿ ನಗು, ನಾನೂ ನಕ್ಕೆನೇ, ನಕ್ಕೆ.

ಕಣ್ಣು ಚುರುಕು — ಆ ಆಗಸ್ಟಿನಲ್ಲಿ ಶ್ರೀಶೈಲಪ್ಪ ಕಾಕಾರ ಎರಡೂ ಕಣ್ಣಿಗೆ ಬ್ಯಾಂಡೇಜು ಕಟ್ಟಿತ್ತು, ಪೊರೆ ತೆಗೆಸಿ ತೊಡಕಾಗಿತ್ತು, ಆಲಮಟ್ಟಿಯಲ್ಲಿ ನೀರಿನ ಮಟ್ಟ ಓದಿ ಬರೆಯುವ ನೌಕರಿ ಮಾಡಿದ ಮನುಷ್ಯ, ಒಂದು ದಿನ ತಪ್ಪಿಸಿದವರಲ್ಲ, ಪಕ್ಕದ ಮನೆಯ ಹದಿನಾಲ್ಕರ ನನ್ನನ್ನು ಮಾಳಿಗೆಗೆ ಹತ್ತಿಸಿ ತಾವು ಕೆಳಗೆ ಹೊರಸಿನಲ್ಲಿ ಕೂತು, ಮಡಿಲಲ್ಲಿ ವಹಿ, ಸಾಲು ತಪ್ಪದಂತೆ ಕಟ್ಟಿಗೆಯ ಪಟ್ಟಿ ಅಡ್ಡ ಹಿಡಿದು, ಪೆನ್ಸಿಲು ಎತ್ತಿ ಕಾಯುತ್ತಾರೆ, ಕಾಣತೈತೇನವಾ? ಮೋಡ ಐತ್ರಿ ಕಾಕಾ, ಅಂದೆ ಮೊದಲೆರಡು ಸಂಜೆ, ಮೋಡ ಅಂತ ಬರೆದುಕೊಂಡರು, ಊಟ ಬ್ಯಾಡ ಅಂದರು, ಶಂಕ್ರೆವ್ವ ಕಾಕು ಗಂಡನ ತಾಟು ಒಳಗೊಯ್ಯುತ್ತ ನನ್ನನ್ನು ನೋಡಿದಳು, ಮೋಡ ನಾನೇ ತಂದ ಹಾಗೆ. ಮೂರನೆಯ ಸಂಜೆ ಕಾಣತೈತ್ರಿ ಅಂದೆ. ಎಷ್ಟವಾ? ಬಾಯಿಗೆ ಬಂದ ಬೆಳಕಿನ ಅಂಕಿ ಹೇಳಿದೆ, ನಾಲ್ಕು ಪಾಯಿಂಟ್ ಎರಡು. ಭಪ್ಪರೆ ಮಗಳ, ಏ ಇಕಿನ, ರೊಟ್ಟಿ ತಾ. ಇಪ್ಪತ್ಮೂರು ಸಂಜೆ ಅವರು ಉಂಡರು, ನಾನು ನಕ್ಷತ್ರವನ್ನು ಮನಸ್ಸಿಗೆ ಬಂದಂತೆ ಏರಿಸಿದೆ, ಇಳಿಸಿದೆ, ಅಕ್ಷರ ಅವರದು, ಸುಳ್ಳು ನನ್ನದು, ಆಮೇಲೆ ಅದೇ ವಹಿಯ ಮೇಲೆ ನನ್ನ ಪಿಎಚ್‌ಡಿ, ಪಿಎಚ್‌ಡಿ ಮೇಲೆ ಈ ನೌಕರಿ, ನೌಕರಿ ಮೇಲೆ ಈ ಚೌಕ, ಕಾಕಾ ತೀರಿ ಆರು ವರ್ಷ, ಕಾಕು ಮೊನ್ನೆ ಫೋನಿನಲ್ಲಿ, ಇವರ ಹೆಸರು ಕಂಪ್ಯೂಟರಿನ್ಯಾಗ ಐತೆಲ್ಲವಾ, ಅಷ್ಟಿದ್ರ ಸಾಕು ಬಿಡು — ಅಧ್ಯಕ್ಷರ ದನಿ, ಆ ಸಂಜೆಗಳ ಬಗ್ಗೆ ಗೊತ್ತಿದ್ದವರು ಹೇಳಿದರೆ ಇಪ್ಪತ್ಮೂರು ಸಾಲು ಮಾತ್ರ ತೆಗೆಯೋಣ, ಇಲ್ಲದಿದ್ದರೆ ಉಳಿದದ್ದನ್ನೂ ನಂಬುವುದು ಹೇಗೆ, ಇಡೀ ದಾಖಲೆ ಹೋಗಲಿ, ಮುಬೀನಾ ಮೇಡಂ, ನಿಮಗೇನಾದರೂ? ಮೈಕಿನ ಗುಂಡಿ ಎಡಕ್ಕಿದೆ, ಇದನ್ನು ಯಾವ ಸಮಿತಿ ಇತ್ಯರ್ಥ ಮಾಡಿತೋ, ಒತ್ತುತ್ತೇನೆ, ಫ್ಯಾನಿನ ಸದ್ದು ಎಲ್ಲರಿಗೂ ಕೇಳುತ್ತದೆ, ಇಲ್ಲ ಸರ್, ನನಗೇನೂ ಗೊತ್ತಿಲ್ಲ — ಬ್ಯಾಂಡೇಜಿನ ಮುಖ ಮಾಳಿಗೆಯ ಕಡೆ, ಪೆನ್ಸಿಲು ಕಾಗದಕ್ಕಿಂತ ಒಂದು ಬೆರಳು ಮೇಲೆ, ಎಷ್ಟವಾ, ಪೆನ್ಸಿಲು ಒಂದು ಬೆರಳು ಮೇಲೆ, ಎಷ್ಟವಾ, ಪೆನ್ಸಿಲು.

ದಾಖಲೆ ತೆಗೆದುಹಾಕಲು ಎಂಟು ಮತ ಬಿದ್ದವು.